ಅಪ್ಪಾಜಿ, ಅವ್ವನ ಜೊತೆ ರಾತ್ರಿ ವಿಮಾನ: ಮನೆ ಬಾಗಿಲಿಂದ ಹಾಸಿಗೆವರೆಗಿನ ಲೆಕ್ಕ

ಪ್ರಶ್ನೆ: ನಾವು ದಾವಣಗೆರೆಯವರು. ಅಪ್ಪಾಜಿ (71) ಮತ್ತು ಅವ್ವನನ್ನು (64) ಐದು ದಿನ ಸಿಂಗಪುರಕ್ಕೆ ಕರೆದುಕೊಂಡು ಹೋಗುತ್ತಿದ್ದೇನೆ. ಇಬ್ಬರೂ ಇದುವರೆಗೆ ವಿಮಾನ ಹತ್ತಿಲ್ಲ. ಬೆಂಗಳೂರಿನಿಂದ ರಾತ್ರಿ 11ಕ್ಕೆ ಹೊರಟು ಬೆಳಿಗ್ಗೆ 6ಕ್ಕೆ ಇಳಿಯುವ ವಿಮಾನಕ್ಕೆ ಟಿಕೆಟ್ ಮಾಡಿಸಿದ್ದೇನೆ. ಮಧ್ಯಾಹ್ನ ಕಾರಲ್ಲಿ ಹೊರಟರೆ ಸಾಕು, ವಿಮಾನದಲ್ಲೇ ನಿದ್ದೆ ಆಗುತ್ತೆ, ಒಂದು ರಾತ್ರಿ ಹೋಟೆಲ್ ಬಾಡಿಗೆಯೂ ಉಳಿಯುತ್ತೆ ಅಂತ ಗೆಳೆಯರು ಹೇಳಿದ್ದರು. ಅಪ್ಪಾಜಿಗೆ ಹನ್ನೆರಡು ವರ್ಷದಿಂದ ಸಕ್ಕರೆ ಕಾಯಿಲೆ, ಮಾತ್ರೆ ತಗೊಳ್ತಾರೆ. ಸ್ನಾನ, ಲಿಂಗಪೂಜೆ ಆಗದೆ ಏನೂ ತಿನ್ನೋದಿಲ್ಲ. ಅವ್ವನಿಗೆ ಮಂಡಿನೋವು. ಏನೇನು ತಯಾರಿ ಮಾಡಿಕೊಳ್ಳಬೇಕು?

ಉತ್ತರ: ವಿಮಾನದಲ್ಲಿ ನಿದ್ದೆ ಆಗುತ್ತದೆ ಎಂಬ ಮಾತನ್ನು ಮೊದಲು ಲೆಕ್ಕ ಹಾಕಿ ನೋಡೋಣ. ಬೆಂಗಳೂರಿನಿಂದ ಸಿಂಗಪುರಕ್ಕೆ ಸುಮಾರು ನಾಲ್ಕೂವರೆ ಗಂಟೆಯ ಹಾರಾಟ. 11ಕ್ಕೆ ಹೊರಟ ವಿಮಾನ ಮೇಲೇರಿ, ಊಟ ಕೊಟ್ಟು, ತಟ್ಟೆ ತೆಗೆದು, ದೀಪ ಆರಿಸುವಷ್ಟರಲ್ಲಿ ಹನ್ನೆರಡೂವರೆ ದಾಟಿರುತ್ತದೆ. ನಮ್ಮ ಗಡಿಯಾರದಲ್ಲಿ 3 ಗಂಟೆ ಆಗುವ ಹೊತ್ತಿಗೆ ಇಳಿಯುವ ಘೋಷಣೆ, ಸೀಟು ನೇರ ಮಾಡಿ ಎನ್ನುವ ಮಾತು, ಮತ್ತೆ ದೀಪ. ನಡುವೆ ಸಿಗುವುದು ಎರಡು, ಎರಡೂವರೆ ಗಂಟೆ; ಅದೂ ಕೂತಲ್ಲೇ, ಮೊದಲ ಸಲ ವಿಮಾನ ಹತ್ತಿದ ಗಾಬರಿಯಲ್ಲಿ. ಅಪ್ಪಾಜಿಯವರಿಗೆ ಅದು ನಿದ್ದೆ ಅನ್ನಿಸುವುದಿಲ್ಲ.

ಈಗ ಇಡೀ ಪ್ರಯಾಣದ ಲೆಕ್ಕ. 11ರ ವಿಮಾನಕ್ಕೆ ನೀವು ಮಧ್ಯಾಹ್ನ ಹನ್ನೆರಡೂವರೆಗೆ ಮನೆ ಬಿಡಬೇಕು. ಯಾಕೆ ಅಷ್ಟು ಬೇಗ ಎಂಬುದನ್ನು ಮುಂದೆ ಹೇಳುತ್ತೇನೆ. ಸಿಂಗಪುರ ನಮಗಿಂತ ಎರಡೂವರೆ ಗಂಟೆ ಮುಂದಿದೆ, ಹಾಗಾಗಿ ಅಲ್ಲಿಯ ಬೆಳಗಿನ 6 ಎಂದರೆ ನಮ್ಮ ನಸುಕಿನ ಮೂರೂವರೆ. ಇಮಿಗ್ರೇಷನ್, ಲಗೇಜು ಮುಗಿಸಿ ಟ್ಯಾಕ್ಸಿ ಹಿಡಿದು ಹೋಟೆಲಿಗೆ ಬಂದಾಗ ಅಲ್ಲಿಯ 8. ಆದರೆ ಹೋಟೆಲಿನವರು ರೂಮು ಕೊಡುವುದು ಸಾಮಾನ್ಯವಾಗಿ ಮಧ್ಯಾಹ್ನ 2 ಅಥವಾ 3ಕ್ಕೆ. ಅಲ್ಲಿಯ 3 ಎಂದರೆ ನಮ್ಮ ಹನ್ನೆರಡೂವರೆ. ಅಂದರೆ ಮನೆ ಬಿಟ್ಟು ಸರಿಯಾಗಿ 24 ಗಂಟೆ ಎಪ್ಪತ್ತೊಂದರ ಹಿರಿಯರೊಬ್ಬರು ಬೆನ್ನು ನೆಲಕ್ಕೆ ಹಾಕಿಲ್ಲ. ಗೆಳೆಯರು ಹೇಳಿದ ಆ ಒಂದು ರಾತ್ರಿಯ ಬಾಡಿಗೆ ಉಳಿತಾಯ ಬರುವುದು ಇಲ್ಲಿಂದಲೇ.

ನಿಮ್ಮ ಮನೆಯ ಮಟ್ಟಿಗೆ ಇದು ಬರೀ ಆಯಾಸದ ಮಾತಲ್ಲ. ಸ್ನಾನ, ಲಿಂಗಪೂಜೆ ಆಗದೆ ಅಪ್ಪಾಜಿ ಏನೂ ತಿನ್ನುವುದಿಲ್ಲ ಅಂದಿದ್ದೀರಿ. ರೂಮಿಲ್ಲದೆ ಸ್ನಾನವಿಲ್ಲ, ಸ್ನಾನವಿಲ್ಲದೆ ಪೂಜೆಯಿಲ್ಲ, ಪೂಜೆಯಿಲ್ಲದೆ ತಿಂಡಿಯಿಲ್ಲ. ಆದರೆ ಅಭ್ಯಾಸಬಲದಿಂದ ಬೆಳಗಿನ ಸಕ್ಕರೆ ಮಾತ್ರೆ ಮಾತ್ರ ಬಾಯಿಗೆ ಬಿದ್ದಿರುತ್ತದೆ. ಅವರ ಮಾತ್ರೆಯಲ್ಲಿ ಗ್ಲಿಮಿಪಿರೈಡ್, ಗ್ಲಿಕ್ಲಜೈಡ್‌ನಂಥ ಔಷಧಿ ಇದ್ದರೆ, ಅದು ಹೊಟ್ಟೆಗೆ ಅನ್ನ ಬಿದ್ದಿದೆಯೋ ಇಲ್ಲವೋ ನೋಡುವುದಿಲ್ಲ, ಇನ್ಸುಲಿನ್ ಸುರಿಸುತ್ತಲೇ ಇರುತ್ತದೆ. ಪರಿಣಾಮ: ಬೆವರು, ಕೈ ನಡುಕ, ಮಂಕು, ತೊದಲು ಮಾತು. ಪಕ್ಕದಲ್ಲಿದ್ದವರು ನಿದ್ದೆಗೆಟ್ಟಿದ್ದಕ್ಕೆ ಹೀಗೆ ಅಂದುಕೊಂಡು ಮಲಗಲು ಬಿಟ್ಟುಬಿಡುತ್ತಾರೆ. ದೊಡ್ಡ ಅಪಾಯ ಇರುವುದು ಅಲ್ಲೇ. ಮೆಟ್‌ಫಾರ್ಮಿನ್ ಒಂದೇ ಆಗಿದ್ದರೆ ಈ ಭಯ ಬಹಳ ಕಡಿಮೆ. ಆದ್ದರಿಂದ ಇವತ್ತೇ ಮಾತ್ರೆ ಹಾಳೆಯ ಹಿಂಭಾಗ ತಿರುಗಿಸಿ, ಸಣ್ಣಕ್ಷರದಲ್ಲಿರುವ ಔಷಧಿಯ ಹೆಸರು ಓದಿ.

ಹಾಗಾಗಿ ನೀವು ಮಾಡಬೇಕಾದ ಮೊದಲ ಕೆಲಸ ಹೋಟೆಲ್ ಬುಕಿಂಗನ್ನು ಒಂದು ದಿನ ಹಿಂದಕ್ಕೆ ತರುವುದು. ಉದಾಹರಣೆಗೆ, 12ನೇ ತಾರೀಖಿನ ರಾತ್ರಿ ಹೊರಟು 13ರ ಬೆಳಿಗ್ಗೆ ಇಳಿಯುವುದಾದರೆ ರೂಮು 12ನೇ ತಾರೀಖಿನಿಂದಲೇ ನಿಮ್ಮ ಹೆಸರಲ್ಲಿರಲಿ. ಇಷ್ಟು ಮಾಡಿ ಸುಮ್ಮನಾದರೆ ಇನ್ನೊಂದು ಎಡವಟ್ಟು ಕಾದಿರುತ್ತದೆ: 12ರ ರಾತ್ರಿ ನೀವು ಬರದಿದ್ದರೆ ಹೋಟೆಲಿನವರು ಗಿರಾಕಿ ಬರಲಿಲ್ಲ ಎಂದು ಇಡೀ ಬುಕಿಂಗನ್ನೇ ರದ್ದು ಮಾಡಿಬಿಡಬಹುದು. “13ರ ಬೆಳಿಗ್ಗೆ 8ಕ್ಕೆ ಬರುತ್ತೇವೆ, ರೂಮು ಹಿಡಿದಿಡಿ” ಎಂದು ವಿಮಾನದ ನಂಬರ್ ಸಮೇತ ಇ-ಮೇಲ್ ಕಳಿಸಿ, ಅವರ ಉತ್ತರ ಬಂದ ಮೇಲೆ ಅದನ್ನು ಪ್ರಿಂಟ್ ತೆಗೆದಿಡಿ. “ಸಾಧ್ಯವಾದರೆ ಬೇಗ ಕೊಡುತ್ತೇವೆ” ಎಂಬ ಉತ್ತರವನ್ನು ನಂಬಬೇಡಿ. ರಜೆಯ ದಿನಗಳಲ್ಲಿ ಅದು ಸಾಧ್ಯವಾಗುವುದಿಲ್ಲ. ಪೂರ್ತಿ ರಾತ್ರಿಯ ಬಾಡಿಗೆ ಭಾರ ಅನ್ನಿಸಿದರೆ ಇನ್ನೊಂದು ದಾರಿ ಇದೆ. ಚಾಂಗಿ ವಿಮಾನ ನಿಲ್ದಾಣಕ್ಕೆ ಅಂಟಿಕೊಂಡಿರುವ ಜ್ಯೂಯೆಲ್ ಕಟ್ಟಡದಲ್ಲಿ ಯೋಟೆಲ್‌ಏರ್ ಎಂಬ ಹೋಟೆಲಿದೆ. ಅಲ್ಲಿ ನಾಲ್ಕು ಗಂಟೆಯಷ್ಟು ಕಡಿಮೆ ಅವಧಿಗೂ ಕೋಣೆ ಕೊಡುತ್ತಾರೆ. ಸ್ನಾನ, ಪೂಜೆ, ಒಂದು ಸಣ್ಣ ನಿದ್ದೆಗೆ ಅಷ್ಟು ಸಾಕು. ಮೊದಲೇ ಕಾದಿರಿಸಬೇಕು.

ಈ ತಾರೀಖಿನ ವಿಚಾರದಲ್ಲಿ ಎಡವುವವರು ಬಹಳ. ಟಿಕೆಟ್ಟಿನಲ್ಲಿ 13ನೇ ತಾರೀಖು 00:40 ಎಂದಿದ್ದರೆ 12ರ ಸಂಜೆಯೇ ನೀವು ಏರ್‌ಪೋರ್ಟಿನಲ್ಲಿರಬೇಕು. 13ರ ರಾತ್ರಿ ಹೋದರೆ ವಿಮಾನ ಹಾರಿ ಹೆಚ್ಚುಕಡಿಮೆ ಒಂದು ದಿನ ಕಳೆದಿರುತ್ತದೆ. ನಿಮ್ಮದು ರಾತ್ರಿ 11 ಗಂಟೆಯ ವಿಮಾನವಾದ್ದರಿಂದ ಈ ಗೊಂದಲ ಇಲ್ಲ. ಆದರೆ ವಾಪಸ್ ಟಿಕೆಟ್ಟಿನ ಗಂಟೆಯನ್ನು ಒಮ್ಮೆ ನೋಡಿಕೊಳ್ಳಿ.

ಪಶ್ಚಿಮಕ್ಕೆ ಹೋಗುವವರಿಗೆ ಸಂಜೆಯ ವಿಮಾನ ಒಳ್ಳೆಯದೇ. ದುಬೈ ನಮಗಿಂತ ಒಂದೂವರೆ ಗಂಟೆ ಹಿಂದಿದೆ. ಇಲ್ಲಿ ಸಂಜೆ ಹೊರಟವರು ಅಲ್ಲಿಯ ರಾತ್ರಿಗೆ ಇಳಿದು ನೇರ ಹಾಸಿಗೆಗೆ ಹೋಗಬಹುದು. ಪೂರ್ವಕ್ಕೆ ಹೋಗುವ ಸಂಜೆ ವಿಮಾನ ಮಾತ್ರ ಒಂದು ರಾತ್ರಿಯನ್ನು ನುಂಗಿಬಿಡುತ್ತದೆ. ಬ್ಯಾಂಕಾಕ್, ಕ್ವಾಲಾಲಂಪುರ, ಬಾಲಿ ಎಲ್ಲದಕ್ಕೂ ಇದೇ ಮಾತು.

ಇನ್ನು ರಸ್ತೆ. ದಾವಣಗೆರೆಯಿಂದ ಬೆಂಗಳೂರಿಗೆ ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಸುಮಾರು 260 ಕಿ.ಮೀ. ಚಿತ್ರದುರ್ಗ, ಹಿರಿಯೂರು, ಶಿರಾ, ತುಮಕೂರು ದಾಟುವವರೆಗೆ ತೊಂದರೆಯಿಲ್ಲ. ತೊಂದರೆ ಶುರುವಾಗುವುದು ನೆಲಮಂಗಲದಿಂದಾಚೆ. ಗೊರಗುಂಟೆಪಾಳ್ಯ, ಹೆಬ್ಬಾಳ ದಾಟಿ ದೇವನಹಳ್ಳಿಗೆ ಹೋಗುತ್ತೇನೆಂದರೆ ಸಂಜೆ 5ರಿಂದ 8ರವರೆಗೆ ಎಷ್ಟು ಹೊತ್ತಾಗುತ್ತದೆ ಎಂದು ಯಾರೂ ಹೇಳಲಾರರು. ನೀವು ಊರೊಳಗೆ ಹೋಗಲೇಬೇಡಿ. ದಾಬಸ್‌ಪೇಟೆಯಲ್ಲಿ ಎಡಕ್ಕೆ ತಿರುಗಿ ದೊಡ್ಡಬಳ್ಳಾಪುರ, ದೇವನಹಳ್ಳಿ ಹಿಡಿದರೆ ಆ ಗದ್ದಲವೇ ಇಲ್ಲ. ಉಪನಗರ ವರ್ತುಲ ರಸ್ತೆಯ ಈ ಭಾಗ ತೆರೆದ ಮೇಲಂತೂ ಚಿತ್ರದುರ್ಗ, ದಾವಣಗೆರೆ ಕಡೆಯವರಿಗೆ ಇದೇ ಸರಿಯಾದ ದಾರಿ. ಡ್ರೈವರ್‌ಗೆ ಹೊರಡುವ ಮೊದಲೇ ಹೇಳಿಡಿ. ಫೋನಿನ ನಕ್ಷೆ ಕೆಲವೊಮ್ಮೆ ಐದು ನಿಮಿಷ ಉಳಿಯುತ್ತದೆ ಎಂದು ಹೆಬ್ಬಾಳದ ಕಡೆ ತಿರುಗಿಸುತ್ತದೆ, ಆ ಐದು ನಿಮಿಷದ ಆಸೆಗೆ ಬೀಳಬೇಡಿ.

ಹಿರಿಯರಿದ್ದ ಕಾರು ಎರಡು ಗಂಟೆಗೊಮ್ಮೆ ನಿಲ್ಲಬೇಕು: ಹಿರಿಯೂರಿನ ಹತ್ತಿರ ಒಮ್ಮೆ, ತುಮಕೂರಿಗಿಂತ ಮೊದಲು ಇನ್ನೊಮ್ಮೆ. ಪ್ರತಿ ಸಲ ಕಾಲು ಗಂಟೆ, ಇಪ್ಪತ್ತು ನಿಮಿಷ. ಟೈರ್ ಪಂಕ್ಚರ್, ಟೋಲ್ ಸಾಲು ಎಲ್ಲ ಸೇರಿ ಆರೂವರೆ ಗಂಟೆ ಇಟ್ಟುಕೊಂಡರೆ 7ಕ್ಕೆ ಏರ್‌ಪೋರ್ಟ್. ಚೆಕ್-ಇನ್ ಕೌಂಟರ್ ಸಾಮಾನ್ಯವಾಗಿ 3 ಗಂಟೆ ಮೊದಲು ತೆರೆದು 1 ಗಂಟೆ ಮೊದಲು ಮುಚ್ಚುತ್ತದೆ. ಧಾರವಾಡದಿಂದ ಬರುವ ವಂದೇ ಭಾರತ್ ದಾವಣಗೆರೆಯಲ್ಲಿ ನಿಲ್ಲುತ್ತದೆ ನಿಜ, ಆದರೆ ಅದು ಮಧ್ಯಾಹ್ನದ ಮೇಲೆ ಹೊರಟು ಬೆಂಗಳೂರು ಮುಟ್ಟುವಷ್ಟರಲ್ಲಿ ಕತ್ತಲಾಗಿರುತ್ತದೆ. ಅಲ್ಲಿಂದ ದೇವನಹಳ್ಳಿ ಇನ್ನೂ ದೂರ. ಅದೇ ದಿನದ ವಿಮಾನಕ್ಕೆ ಅದನ್ನು ನೆಚ್ಚಿಕೊಳ್ಳಬೇಡಿ. ಹಿಂದಿನ ದಿನ ಹೋಗಿ ನೆಂಟರ ಮನೆಯಲ್ಲೋ ದೇವನಹಳ್ಳಿ ಆಸುಪಾಸಿನ ಹೋಟೆಲಲ್ಲೋ ಉಳಿಯುವುದಾದರೆ ಒಳ್ಳೆಯ ಗಾಡಿ. ನಿಮಗೆ ಅನುಕೂಲವಿದ್ದರೆ ಹಿಂದಿನ ದಿನ ಹೋಗುವುದನ್ನೇ ನಾನು ಮೊದಲು ಹೇಳುವೆ. ಅಪ್ಪಾಜಿ ರಾತ್ರಿ ಸರಿಯಾಗಿ ಮಲಗಿ ಎದ್ದು, ಮಧ್ಯಾಹ್ನದ ಊಟ ಮಾಡಿ, ಮತ್ತೆ ಒಂದು ತಾಸು ಮಲಗಿ ವಿಮಾನಕ್ಕೆ ಹೋಗುತ್ತಾರೆ. ಒಂದು ರಾತ್ರಿ ನಿದ್ದೆ ಕೆಟ್ಟರೂ ತಡೆದುಕೊಳ್ಳುವ ಶಕ್ತಿ ಇರುತ್ತದೆ.

ಅಂತರರಾಷ್ಟ್ರೀಯ ವಿಮಾನಗಳೆಲ್ಲ 2023ರ ಸೆಪ್ಟೆಂಬರ್‌ನಿಂದ ಎರಡನೇ ಟರ್ಮಿನಲ್‌ಗೆ ಹೋಗಿವೆ. ಡ್ರೈವರ್ ಹಳೆಯ ಅಭ್ಯಾಸದಲ್ಲಿ ಒಂದನೇ ಟರ್ಮಿನಲ್ ಮುಂದೆ ಇಳಿಸದಂತೆ ನೋಡಿಕೊಳ್ಳಿ.

ಕಾಗದಪತ್ರದಲ್ಲಿ ನಮ್ಮ ಕಡೆಯವರಿಗೆ ಬರುವ ವಿಶೇಷ ಸಮಸ್ಯೆ ಹೆಸರಿನದು. ಹಿರಿಯರ ಪಾಸ್‌ಪೋರ್ಟಿನಲ್ಲಿ ಅನೇಕ ಸಲ ಒಂದೇ ಹೆಸರಿರುತ್ತದೆ, ಅಡ್ಡಹೆಸರಿನ ಜಾಗ ಖಾಲಿ. ವಿಮಾನ ಕಂಪನಿಯ ವೆಬ್‌ಸೈಟ್ ಮಾತ್ರ ಎರಡು ಹೆಸರು ಕೇಳುತ್ತದೆ. ಆಗ ಕೆಲವರು ತಮಗೆ ತೋಚಿದಂತೆ ಊರ ಹೆಸರನ್ನೋ ತಂದೆಯ ಹೆಸರನ್ನೋ ತುಂಬಿಬಿಡುತ್ತಾರೆ. ಪಾಸ್‌ಪೋರ್ಟಿಗೂ ಟಿಕೆಟ್ಟಿಗೂ ತಾಳೆಯಾಗದೆ ಟರ್ಮಿನಲ್ ಬಾಗಿಲಲ್ಲೇ ತಡೆಯುತ್ತಾರೆ. ಒಂದೇ ಹೆಸರಿದ್ದವರ ಟಿಕೆಟ್ ಹೇಗೆ ಬರೆಯಬೇಕು ಎಂಬುದಕ್ಕೆ ಪ್ರತಿ ಕಂಪನಿಗೂ ತನ್ನದೇ ನಿಯಮ ಇದೆ. ಕೆಲವು ಅದೇ ಹೆಸರನ್ನು ಎರಡು ಸಲ ಬರೆಯಿಸುತ್ತವೆ. ನಿಮ್ಮದು ಈಗಾಗಲೇ ಬುಕ್ ಆಗಿದೆ, ಆದ್ದರಿಂದ ಮೂರೂ ಟಿಕೆಟ್ಟುಗಳನ್ನು ಪಾಸ್‌ಪೋರ್ಟ್ ಪಕ್ಕ ಇಟ್ಟು ಅಕ್ಷರ ಅಕ್ಷರ ಹೋಲಿಸಿ. ತಪ್ಪಿದ್ದರೆ ಈಗಲೇ ಫೋನ್ ಮಾಡಿ ತಿದ್ದಿಸಿ. ಮುಂದೊಮ್ಮೆ ದುಬೈಗೆ ಹೋಗುವ ಯೋಚನೆ ಇದ್ದರೆ ಇದು ಇನ್ನೂ ಮುಖ್ಯ. ಯುಎಇ 2022ರ ನವೆಂಬರ್‌ನಿಂದ ಒಂಟಿ ಹೆಸರಿನ ಪಾಸ್‌ಪೋರ್ಟಿಗೆ ಪ್ರವಾಸಿ ವೀಸಾ ವಿಚಾರದಲ್ಲಿ ಬಿಗಿ ಮಾಡಿದೆ. ಹೆಸರು ಎರಡು ಭಾಗವಾಗಿ ಬರುವಂತೆ ಪಾಸ್‌ಪೋರ್ಟನ್ನು ಮರುವಿತರಣೆ ಮಾಡಿಸಿಕೊಳ್ಳುವುದೇ ಅದಕ್ಕೆ ಗಟ್ಟಿ ಪರಿಹಾರ.

ಪಾಸ್‌ಪೋರ್ಟಿಗೆ ಕನಿಷ್ಠ ಆರು ತಿಂಗಳ ಅವಧಿ ಉಳಿದಿರಬೇಕು. ಸಿಂಗಪುರಕ್ಕೆ ಭಾರತೀಯರಿಗೆ ವೀಸಾ ಬೇಕು, ಅಧಿಕೃತ ಏಜೆಂಟರ ಮೂಲಕ ಅರ್ಜಿ ಹಾಕಬೇಕು. ಹೊರಡುವ ಮೂರು ವಾರ ಮೊದಲು ಹಾಕಿದರೆ ನಿರಾಳ. ಇದಲ್ಲದೆ ಎಸ್‌ಜಿ ಅರೈವಲ್ ಕಾರ್ಡ್ ಎಂಬ ಆನ್‌ಲೈನ್ ಫಾರಂ ಇದೆ. ಇಳಿಯುವ ದಿನವೂ ಸೇರಿ ಮೂರು ದಿನದೊಳಗೆ ತುಂಬಬೇಕು, ಪೂರ್ತಿ ಉಚಿತ. ದುಡ್ಡು ಕೇಳುವ ವೆಬ್‌ಸೈಟು ಸರ್ಕಾರದ್ದಲ್ಲ. ಅದರಲ್ಲಿ ಆಗಮನದ ದಿನ ಎಂದು ಕೇಳಿದಾಗ ಹೊರಡುವ ತಾರೀಖು ಬರೆಯಬೇಡಿ, ನೀವು ಇಳಿಯುವುದು ಮಾರನೇ ದಿನ.

ಔಷಧಿಯ ಚೀಲವನ್ನು ನಿಮ್ಮ ಕೈಯಲ್ಲೇ ಇಟ್ಟುಕೊಳ್ಳಿ, ಚೆಕ್-ಇನ್ ಸೂಟ್‌ಕೇಸಿಗೆ ಹಾಕಬೇಡಿ. ಐದು ದಿನದ ಪ್ರವಾಸಕ್ಕೆ ಹತ್ತು ದಿನದ ಮಾತ್ರೆ, ಅವುಗಳ ಹಾಳೆಯಲ್ಲೇ. ಡಬ್ಬಿಗೆ ಸುರಿದುಕೊಂಡರೆ ಅದು ಯಾವ ಮಾತ್ರೆ ಎಂದು ಯಾರಿಗೂ ಗೊತ್ತಾಗುವುದಿಲ್ಲ. ಡಾಕ್ಟರ ಲೆಟರ್‌ಹೆಡ್ಡಿನಲ್ಲಿ ಕಾಯಿಲೆ, ಔಷಧಿಯ ಮೂಲ ಹೆಸರು, ಪ್ರಮಾಣ ಇಂಗ್ಲಿಷಿನಲ್ಲಿ ಬರೆಸಿಕೊಳ್ಳಿ. ಇನ್ಸುಲಿನ್ ತೆಗೆದುಕೊಳ್ಳುವವರು ಇದನ್ನು ಓದುತ್ತಿದ್ದರೆ ಇನ್ನೊಂದು ಮಾತು: ಅದನ್ನೂ ಕೈಚೀಲದಲ್ಲೇ ಒಯ್ಯಿರಿ, ವಿಮಾನದ ಹೊಟ್ಟೆಯ ಚಳಿಗೆ ಇನ್ಸುಲಿನ್ ಹೆಪ್ಪುಗಟ್ಟಿದರೆ ಕೆಲಸಕ್ಕೆ ಬಾರದು.

ಸಮಯ ಎರಡೂವರೆ ಗಂಟೆ ಜರುಗುವುದಕ್ಕೆ ಮಾತ್ರೆಗಳ ಲೆಕ್ಕವನ್ನು ತಲೆಕೆಳಗು ಮಾಡಬೇಕಾಗಿಲ್ಲ. ಡಾಕ್ಟರ ಹತ್ತಿರ ಹೋದಾಗ ಈ ಪಟ್ಟಿಯನ್ನು ತೋರಿಸಿ ಒಪ್ಪಿಗೆ ಪಡೆಯಿರಿ: ರಾತ್ರಿಯ ಮಾತ್ರೆ ಏರ್‌ಪೋರ್ಟಿನಲ್ಲಿ ರಾತ್ರಿ 8ರ ಊಟದ ಜೊತೆ, ಬೆಳಗಿನ ಮಾತ್ರೆ ಸಿಂಗಪುರದ ಹೋಟೆಲಿನಲ್ಲಿ, ಪೂಜೆ ಮುಗಿದು ತಿಂಡಿ ತಟ್ಟೆ ಮುಂದೆ ಬಂದ ಮೇಲೆ. ಅಲ್ಲಿಯವರೆಗೆ ಆ ಹಾಳೆ ನಿಮ್ಮ ಜೇಬಿನಲ್ಲಿರಲಿ, ಅಪ್ಪಾಜಿಯವರ ಜೇಬಿನಲ್ಲಲ್ಲ. ಗ್ಲುಕೋಮೀಟರ್ ಜೊತೆಗಿರಲಿ. ಸಕ್ಕರೆ 70ಕ್ಕಿಂತ ಕೆಳಗಿಳಿದರೆ ಮೂರು ಚಮಚ ಸಕ್ಕರೆ ಅಥವಾ ಗ್ಲುಕೋಸ್ ಪುಡಿ ನೀರಿಗೆ ಹಾಕಿ ಕುಡಿಸಿ, ಹದಿನೈದು ನಿಮಿಷ ಬಿಟ್ಟು ಮತ್ತೆ ನೋಡಿ. ಆ ಹೊತ್ತಿನಲ್ಲಿ ಪೂಜೆ ಆಗಿಲ್ಲ ಎಂದು ಅವರು ಬೇಡ ಅನ್ನಬಹುದು. ಆದ್ದರಿಂದ ಊರಲ್ಲಿರುವಾಗಲೇ ಕೂತು ಮಾತಾಡಿ. ಪ್ರಯಾಣದ ದಿನ ಮುಖ, ಕೈಕಾಲು ತೊಳೆದು ವಿಭೂತಿ ಧರಿಸಿ ಸಂಕ್ಷೇಪವಾಗಿ ಪೂಜೆ ಮಾಡಿಕೊಳ್ಳಲು ಅವರ ಮನಸ್ಸು ಒಪ್ಪುತ್ತದೆಯೇ ಎಂದು ಅವರನ್ನೇ ಕೇಳಿ. ಬಹಳ ಮಂದಿ ಹಿರಿಯರು ಮೊದಲೇ ಕೇಳಿದರೆ ದಾರಿ ತಾವೇ ಹೇಳುತ್ತಾರೆ. ಏರ್‌ಪೋರ್ಟಿನಲ್ಲಿ ಆತುರದಿಂದ ಒತ್ತಾಯ ಮಾಡಿದರೆ ಮಾತ್ರ ನೊಂದುಕೊಳ್ಳುತ್ತಾರೆ.

ನಿದ್ದೆ ಮಾತ್ರೆ ಕೊಟ್ಟು ಮಲಗಿಸುವ ಯೋಚನೆ ಬೇಡ. ಕಾಲಾಡಿಸದೆ ಕೂತಲ್ಲೇ ಮಲಗಿದರೆ ರಕ್ತ ಹೆಪ್ಪುಗಟ್ಟುವ ಅಪಾಯ ಒಂದು. ಎದ್ದಾಗ ತಲೆ ಗಿರ್ರೆಂದು ಬೀಳುವುದು ಇನ್ನೊಂದು. ಅಲ್ಲದೆ ಡಯಾಜೆಪಾಮ್, ಅಲ್ಪ್ರಜೋಲಾಮ್, ಕೊಡೀನ್ ಇರುವ ಕೆಮ್ಮಿನ ಔಷಧಿ ಇವೆಲ್ಲ ಸಿಂಗಪುರದಲ್ಲಿ ನಿಯಂತ್ರಿತ ಔಷಧಿಗಳು. ಮನೆಯಲ್ಲಿ ಯಾರಾದರೂ ಅವನ್ನು ದಿನವೂ ತೆಗೆದುಕೊಳ್ಳುತ್ತಿದ್ದರೆ ಅಲ್ಲಿಯ ಆರೋಗ್ಯ ವಿಜ್ಞಾನ ಪ್ರಾಧಿಕಾರದ ವೆಬ್‌ಸೈಟಿನಲ್ಲಿ ಎಷ್ಟಕ್ಕೆ ಅನುಮತಿ ಬೇಕು ಎಂದು ನೋಡಿಕೊಂಡೇ ಹೊರಡಿ.

ಅವ್ವನವರಿಗೆ ವೀಲ್‌ಚೇರ್ ಕೇಳಿ. “ನಾನೇನು ಕಾಲಿಲ್ಲದವಳಾ” ಎಂದು ಅವರು ಬೇಜಾರು ಮಾಡಿಕೊಂಡರೆ, ಟರ್ಮಿನಲ್ ಒಳಗೆ ಬಾಗಿಲಿಂದ ವಿಮಾನದ ಗೇಟಿನವರೆಗೆ ದೊಡ್ಡ ಸಂತೆ ಸುತ್ತಿದಷ್ಟು ನಡಿಗೆ ಇದೆ ಎಂದು ವಿವರಿಸಿ. ವಿಮಾನ ಹೊರಡುವ 48 ಗಂಟೆ ಮೊದಲು ಕಂಪನಿಗೆ ತಿಳಿಸಬೇಕು. ಕೇಳುವಾಗ ಬಗೆಯನ್ನೂ ಹೇಳಬೇಕು: ಮೆಟ್ಟಿಲು ಹತ್ತಬಲ್ಲರು ಆದರೆ ದೂರ ನಡೆಯಲಾರರು ಎನ್ನುವುದು ಒಂದು, ಮೆಟ್ಟಿಲು ಹತ್ತಲಾರರು ಎನ್ನುವುದು ಇನ್ನೊಂದು, ಸೀಟಿನವರೆಗೂ ಎತ್ತಿಕೊಂಡೇ ಹೋಗಬೇಕು ಎನ್ನುವುದು ಮೂರನೆಯದು. ಮಂಡಿನೋವಿನವರು ಎರಡನೆಯದನ್ನು ಕೇಳುವುದು ಕ್ಷೇಮ. ಕೆಲವೊಮ್ಮೆ ವಿಮಾನಕ್ಕೆ ಬಸ್ಸಿನಲ್ಲಿ ಕರೆದೊಯ್ದು ಏಣಿ ಹತ್ತಿಸುತ್ತಾರೆ. ಹೋಗುವಾಗಿನದು, ಬರುವಾಗಿನದು, ಇಳಿದ ಮೇಲಿನದು ಎಲ್ಲದಕ್ಕೂ ದಾಖಲಾಗಿದೆಯೇ ಎಂದು ಖಚಿತ ಮಾಡಿಕೊಳ್ಳಿ. ವೀಲ್‌ಚೇರ್ ತಳ್ಳುವವರು ಚುರುಕಾಗಿ ಹೋಗುತ್ತಾರೆ. ಅವ್ವನವರ ಪಾಸ್‌ಪೋರ್ಟ್, ಬೋರ್ಡಿಂಗ್ ಪಾಸ್ ಹಿಡಿದು ಒಬ್ಬರು ಪಕ್ಕದಲ್ಲೇ ಇರಬೇಕು. ವೀಲ್‌ಚೇರ್ ಇಲ್ಲದ ಕಡೆ ಎಸ್ಕಲೇಟರ್ ಬೇಡ, ಲಿಫ್ಟ್ ಹುಡುಕಿ. ಸೀರೆಯ ನೆರಿಗೆ ಎಸ್ಕಲೇಟರಿನ ಹಲ್ಲಿಗೆ ಸಿಕ್ಕಿಕೊಳ್ಳುತ್ತದೆ.

ಕಟ್ಟಿಕೊಡುವ ತಿಂಡಿಯ ವಿಷಯದಲ್ಲಿ ಎಚ್ಚರ ಬೇಕು. ಕಟಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಒಗ್ಗರಣೆ ಮಂಡಕ್ಕಿ, ಚಕ್ಕುಲಿ ಇವಕ್ಕೆಲ್ಲ ಅಡ್ಡಿಯಿಲ್ಲ. ಆದರೆ ಅಂಟಿನುಂಡೆ ಕಟ್ಟುವಾಗ ಗಸಗಸೆ ಹಾಕಬೇಡಿ ಎಂದು ಮನೆಯಲ್ಲಿ ಹೇಳಿ. ಸಿಂಗಪುರದಲ್ಲೂ ಯುಎಇಯಲ್ಲೂ ಗಸಗಸೆ ನಿಷಿದ್ಧ, ಅದು ಮಾದಕ ವಸ್ತುವಿನ ಕಾನೂನಿಗೆ ಬರುತ್ತದೆ. ನಮಗೆ ಅಡುಗೆಮನೆಯ ಸಾಮಾನು, ಅಲ್ಲಿ ಪೊಲೀಸ್ ಪ್ರಕರಣ. ಮನೆಯಲ್ಲಿ ಕುಟ್ಟಿದ ಮಸಾಲೆಪುಡಿಯಲ್ಲೂ ಗಸಗಸೆ ಇದ್ದರೆ ಬಿಟ್ಟುಹೋಗಿ. ಜಗಿಯುವ ತಂಬಾಕು, ಗುಟ್ಕಾ, ಚೂಯಿಂಗ್ ಗಮ್, ಇ-ಸಿಗರೇಟು ಇವೂ ಸಿಂಗಪುರಕ್ಕೆ ಬೇಡ. ಎಲೆ ಅಡಿಕೆ ಹಾಕುವ ಅಭ್ಯಾಸ ಇದ್ದರೆ ಅಡಕತ್ತರಿಯನ್ನು ಕೈಚೀಲದಲ್ಲಿ ಇಡಬೇಡಿ, ತಪಾಸಣೆಯಲ್ಲಿ ಕಿತ್ತುಕೊಳ್ಳುತ್ತಾರೆ. ಅಜ್ಜಿಯ ಕಾಲದ ಹಿತ್ತಾಳೆ ಅಡಕತ್ತರಿ ಹಾಗೆ ಹೋದರೆ ವಾಪಸ್ ಬರುವುದಿಲ್ಲ. ಉಪ್ಪಿನಕಾಯಿ, ತುಪ್ಪ ಕೈಚೀಲದಲ್ಲಿ ಬಿಡುವುದಿಲ್ಲ; ಎರಡು ಪದರ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ದೊಡ್ಡ ಸೂಟ್‌ಕೇಸಿಗೆ ಹಾಕಿ. ಒಣಕೊಬ್ಬರಿ ಗಿಟುಕನ್ನು ಮಾತ್ರ ಸೂಟ್‌ಕೇಸಿಗೂ ಹಾಕಬೇಡಿ, ಎಣ್ಣೆಯಂಶದಿಂದ ಬೆಂಕಿ ಹತ್ತುವ ವಸ್ತು ಎಂದು 2022ರಿಂದ ತಡೆಯುತ್ತಿದ್ದಾರೆ. ಪವರ್ ಬ್ಯಾಂಕಿನದು ಇದಕ್ಕೆ ತದ್ವಿರುದ್ಧ: ಕೈಚೀಲದಲ್ಲಿ ಮಾತ್ರ.

ರಾತ್ರಿಯ ಬುತ್ತಿಯನ್ನು ಸೆಕ್ಯೂರಿಟಿಗೆ ಹೋಗುವ ಮೊದಲೇ ಬಿಚ್ಚಿ ಊಟ ಮುಗಿಸಿಬಿಡಿ. ವಿಮಾನದ ಊಟ ಬರುವುದು ನಡುರಾತ್ರಿಗೆ, ಅಪ್ಪಾಜಿ ಅಲ್ಲಿಯವರೆಗೆ ಕಾಯುವ ಹಾಗಿಲ್ಲ. ವಿಮಾನದ ಊಟ ಕಾದಿರಿಸುವಾಗ ಪಟ್ಟಿಯಲ್ಲಿ “ಡಯಾಬಿಟಿಕ್ ಮೀಲ್”, “ಹಿಂದೂ ಮೀಲ್” ಎಂಬ ಹೆಸರುಗಳನ್ನು ಕಂಡು ಮೋಸಹೋಗಬೇಡಿ. ಡಯಾಬಿಟಿಕ್ ಮೀಲಿನಲ್ಲಿ ಮಾಂಸ ಇರಬಹುದು. ಹಿಂದೂ ಮೀಲ್ ಎಂದರೆ ದನದ ಮಾಂಸ ಇಲ್ಲದ ಮಾಂಸಾಹಾರವೇ ಆಗಿರುತ್ತದೆ. ನಿಮ್ಮವರಿಗೆ ಬೇಕಾದುದು ಏಷ್ಯನ್ ವೆಜಿಟೇರಿಯನ್ ಅಥವಾ ಜೈನ್ ಮೀಲ್. ಇದನ್ನೂ 48 ಗಂಟೆ ಮೊದಲೇ ಹೇಳಿಡಿ. ಅಗ್ಗದ ಕಂಪನಿಗಳಲ್ಲಿ ಊಟಕ್ಕೆ ಬೇರೆ ದುಡ್ಡು.

ಸೆಕ್ಯೂರಿಟಿಯಲ್ಲಿ ಲೋಹ ಕಂಡರೆ ಯಂತ್ರ ಕೂಗುತ್ತದೆ. ಬೆಳ್ಳಿ ಉಡುದಾರವನ್ನು ಮನೆಯಲ್ಲೇ ತೆಗೆದಿಟ್ಟು ನೂಲಿನದು ಕಟ್ಟಿಕೊಂಡರೆ ಒಂದು ಕಿರಿಕಿರಿ ಕಡಿಮೆ. ಇಷ್ಟಲಿಂಗದ ಬೆಳ್ಳಿ ಕರಡಿಗೆಯ ವಿಷಯ ಹಾಗಲ್ಲ, ಅದನ್ನು ತೆಗೆದು ಟ್ರೇಗೆ ಹಾಕಿ ಎಂದು ಯಾರಾದರೂ ಹೇಳಿಬಿಟ್ಟರೆ ಹಿರಿಯರಿಗೆ ಆಘಾತವಾಗುತ್ತದೆ. ಯಂತ್ರದ ಬಾಗಿಲಿಗೆ ಹೋಗುವ ಮೊದಲೇ ನೀವು ಮುಂದೆ ನಿಂತು, ಕೊರಳಲ್ಲಿರುವುದು ಇಷ್ಟಲಿಂಗ, ಮೈಯಿಂದ ಬೇರ್ಪಡಿಸುವುದಿಲ್ಲ, ದಯವಿಟ್ಟು ಪರದೆಯ ಮರೆಯಲ್ಲಿ ಕೈಯಿಂದ ಪರಿಶೀಲಿಸಿ ಎಂದು ಸಿಬ್ಬಂದಿಗೆ ಹೇಳಿ. ಬೇಕಾದರೆ ಅಪ್ಪಾಜಿಯವರೇ ಕರಡಿಗೆಯ ಮುಚ್ಚಳ ತೆಗೆದು ತೋರಿಸಲಿ. ಸಿಂಗಪುರದಿಂದ ವಾಪಸ್ ಬರುವಾಗ ಅಲ್ಲಿಯ ಸಿಬ್ಬಂದಿಗೆ ಈ ಪದ ಗೊತ್ತಿರುವುದಿಲ್ಲ. ಒಂದು ಚೀಟಿಯಲ್ಲಿ ಇದೇ ಮಾತನ್ನು ಇಂಗ್ಲಿಷಿನಲ್ಲಿ ಬರೆದು ಜೇಬಿನಲ್ಲಿಡಿ. ವಿಭೂತಿಯನ್ನು ಪುಡಿಯಾಗಿ ಪೊಟ್ಟಣ ಕಟ್ಟಬೇಡಿ, ಗಟ್ಟಿಯನ್ನೇ ಒಯ್ಯಿರಿ. ಬಿಳಿಯ ಪುಡಿ ಕಂಡರೆ ಎಲ್ಲೆಡೆ ಅನುಮಾನ. ಅವ್ವನವರ ಬಂಗಾರ ತಾಳಿ, ಓಲೆಗೆ ಮುಗಿಯಲಿ. ಅದಕ್ಕಿಂತ ಹೆಚ್ಚು ಹಾಕಿಕೊಂಡು ಬರುವುದಾದರೆ ಹೊರಡುವಾಗಲೇ ಏರ್‌ಪೋರ್ಟಿನ ಕಸ್ಟಮ್ಸ್‌ನಲ್ಲಿ ತೋರಿಸಿ ರಫ್ತು ಪ್ರಮಾಣಪತ್ರ ಪಡೆದಿರಬೇಕು. ಇಲ್ಲದಿದ್ದರೆ ವಾಪಸ್ ಬಂದಾಗ ಅಲ್ಲಿ ಕೊಂಡದ್ದಲ್ಲ ಎಂದು ತೋರಿಸುವುದು ಕಷ್ಟ.

ವಿಮಾನದೊಳಗೆ ಇಬ್ಬರಿಗೂ ನಡುದಾರಿಯ ಪಕ್ಕದ ಸೀಟು, ಶೌಚಾಲಯದಿಂದ ನಾಲ್ಕೈದು ಸಾಲು ದೂರದಲ್ಲಿ. ತೀರಾ ಪಕ್ಕದಲ್ಲಾದರೆ ರಾತ್ರಿಯಿಡೀ ಬಾಗಿಲ ಸದ್ದು. ಶೌಚಾಲಯಕ್ಕೆ ಹೆದರಿ ಹಿರಿಯರು ನೀರೇ ಕುಡಿಯುವುದಿಲ್ಲ, ಇದು ತುಂಬಾ ಸಾಮಾನ್ಯ. ಆದ್ದರಿಂದ ವಿಮಾನ ಮೇಲೇರಿ ಬೆಲ್ಟ್ ದೀಪ ಆರಿದ ಕೂಡಲೇ ಇಬ್ಬರನ್ನೂ ಒಬ್ಬೊಬ್ಬರಾಗಿ ಕರೆದುಕೊಂಡು ಹೋಗಿ ತೋರಿಸಿ: ಬಾಗಿಲು ನಡುವೆ ಮಡಚಿಕೊಳ್ಳುತ್ತದೆ, ಅಲ್ಲಿ ಒತ್ತಬೇಕು, ಒಳಗೆ ಚಿಲಕ ಸರಿಸಿದರೇ ಪೂರ್ತಿ ದೀಪ ಹತ್ತುವುದು, ಫ್ಲಶ್ ಒತ್ತಿದರೆ ದೊಡ್ಡ ಸದ್ದು ಬರುತ್ತದೆ, ಗಾಬರಿ ಬೇಡ. ತೊಳೆದುಕೊಳ್ಳಲು ನೀರಿನ ಪೈಪು ಇರುವುದಿಲ್ಲ. ಸೆಕ್ಯೂರಿಟಿ ದಾಟಿದ ಮೇಲೆ ತುಂಬಿಕೊಂಡ ಅರ್ಧ ಲೀಟರ್ ಬಾಟಲಿಯೊಂದನ್ನು ಇದಕ್ಕೇ ಮೀಸಲಿಡಿ. ಇಷ್ಟು ಗೊತ್ತಾದರೆ ಅವರು ನೀರು ಕುಡಿಯುತ್ತಾರೆ.

ನಾಲ್ಕು ಗಂಟೆ ಮೀರಿದ ಹಾರಾಟದಲ್ಲಿ ಕಾಲಿನ ರಕ್ತನಾಳದಲ್ಲಿ ಹೆಪ್ಪು ಕಟ್ಟುವ ಸಾಧ್ಯತೆ ಇದೆ, ನಿಮ್ಮದಕ್ಕೆ ಮೊದಲು ಆರು ಗಂಟೆಯ ಕಾರಿನ ಪ್ರಯಾಣವೂ ಸೇರಿದೆ. ಗಂಟೆಗೊಮ್ಮೆ ಪಾದವನ್ನು ಮೇಲೆ ಕೆಳಗೆ ಇಪ್ಪತ್ತು ಸಲ ಆಡಿಸಲು ಹೇಳಿ, ಒಮ್ಮೆಯಾದರೂ ಎಬ್ಬಿಸಿ ನಡೆಸಿ. ಹಿಂದೆ ಹೆಪ್ಪು ಕಟ್ಟಿದ್ದವರು, ಇತ್ತೀಚೆಗೆ ಆಪರೇಷನ್ ಆದವರು ಡಾಕ್ಟರನ್ನು ಕೇಳಿ ಬಿಗಿ ಕಾಲುಚೀಲ ಹಾಕಬೇಕು. ಪಾದ ಊದುವುದು ಸಹಜ, ಬಿಗಿ ಶೂ ಬೇಡ. ಒಳಗೆ ಚಳಿ ಇರುತ್ತದೆ, ಮಫ್ಲರ್, ಶಾಲು, ಕಾಲುಚೀಲ ಕೈಚೀಲದಲ್ಲೇ ಇರಲಿ. ಇಳಿಯುವ ಅರ್ಧ ಗಂಟೆ ಮೊದಲು ಇಬ್ಬರನ್ನೂ ಎಬ್ಬಿಸಿ. ನಿದ್ದೆಯಲ್ಲಿ ಉಗುಳು ನುಂಗುವುದು ಕಡಿಮೆಯಾಗಿ ಕಿವಿ ಕಟ್ಟಿಕೊಳ್ಳುತ್ತದೆ, ನೋವು ಬರುತ್ತದೆ. ಬಾಯಲ್ಲಿ ಏಲಕ್ಕಿ ಹಾಕಿಕೊಂಡು ನುಂಗುತ್ತಿದ್ದರೆ ಸರಿಹೋಗುತ್ತದೆ.

ಇಬ್ಬರ ಜೇಬಿನಲ್ಲೂ ಒಂದೊಂದು ಚೀಟಿ ಇರಲಿ: ಹೋಟೆಲಿನ ಹೆಸರು, ವಿಳಾಸ, ನಿಮ್ಮ ನಂಬರ್ ಇಂಗ್ಲಿಷಿನಲ್ಲಿ, ಅದರ ಕೆಳಗೆ ಅದನ್ನೇ ಕನ್ನಡದಲ್ಲಿ. ಅವರ ಫೋನಿಗೂ ರೋಮಿಂಗ್ ಹಾಕಿಸಿ, ನಿಮ್ಮದಕ್ಕೆ ಮಾತ್ರ ಹಾಕಿಸಿದರೆ ತಪ್ಪಿಸಿಕೊಂಡಾಗ ಅವರಿಂದ ಕರೆ ಬರುವುದಿಲ್ಲ. ಚಾಂಗಿಯಲ್ಲಿ ಯಂತ್ರದ ಗೇಟುಗಳಿವೆ. ಅದರ ಮುಂದೆ ಅವರು ತಡವರಿಸಿದರೆ ಸಿಬ್ಬಂದಿಯನ್ನು ಕರೆದು ಕೌಂಟರಿಗೆ ಕಳಿಸಲು ಕೇಳಿ. ಮೆಟ್ರೋ ಬೇಡ, ಟ್ಯಾಕ್ಸಿ ಹಿಡಿಯಿರಿ. ಹೋಟೆಲನ್ನು ಲಿಟಲ್ ಇಂಡಿಯಾದ ಸೆರಂಗೂನ್ ರಸ್ತೆಯ ಆಸುಪಾಸಿನಲ್ಲಿ ಹಿಡಿದರೆ ಇಡ್ಲಿ, ದೋಸೆ ನಡೆದುಹೋಗುವ ದೂರದಲ್ಲಿ ಸಿಗುತ್ತದೆ. ಮೊದಲ ದಿನ ಏನನ್ನೂ ನೋಡಲು ಹೋಗಬೇಡಿ. ಸ್ನಾನ, ಪೂಜೆ, ತಿಂಡಿ, ಮಾತ್ರೆ, ನಿದ್ದೆ. ಸಂಜೆ 5ರ ಮೇಲೆ ಒಂದು ಸುತ್ತು. ಅವತ್ತಿನ ದಿನಕ್ಕೆ ಟಿಕೆಟ್ ಕೊಂಡಿದ್ದರೆ ಬದಲಿಸಿ.

ಪ್ರಯಾಣ ವಿಮೆಯಲ್ಲಿ ಸಕ್ಕರೆ ಕಾಯಿಲೆಯನ್ನು ಮುಚ್ಚಿಡಬೇಡಿ. ಕಂತು ಸ್ವಲ್ಪ ಹೆಚ್ಚಾಗಬಹುದು, ಆದರೆ ಮುಚ್ಚಿಟ್ಟರೆ ಆಸ್ಪತ್ರೆ ಬಿಲ್ ನಿಮ್ಮ ತಲೆಗೇ ಬರುತ್ತದೆ. ಮೊದಲೇ ಇರುವ ಕಾಯಿಲೆಯಿಂದ ತುರ್ತು ಬಂದರೆ ಎಷ್ಟರವರೆಗೆ ಕೊಡುತ್ತಾರೆ ಎಂಬ ಸಾಲನ್ನು ಪಾಲಿಸಿಯಲ್ಲಿ ಹುಡುಕಿ ಓದಿ. ಆಸ್ಪತ್ರೆಗೆ ಸೇರಿಸುವ ಮೊದಲು ಅವರ ಸಹಾಯ ನಂಬರಿಗೆ ಕರೆ ಮಾಡಬೇಕಾಗುತ್ತದೆ.

ಕೊನೆಗೆ ವಾಪಸ್ ಬರುವ ರಾತ್ರಿ. ಸಿಂಗಪುರದಿಂದ ಸಂಜೆ ಹೊರಡುವ ವಿಮಾನ ಬೆಂಗಳೂರಿನಲ್ಲಿ ರಾತ್ರಿ 10, 11ರ ಹೊತ್ತಿಗೆ ಇಳಿಯುತ್ತದೆ. ಹೊರಗೆ ಬರುವಾಗ ಹನ್ನೆರಡು. ಊರಿನ ಕಾರು ಬಂದು ನಿಂತಿದೆ, ಬೆಳಗಾಗುವಷ್ಟರಲ್ಲಿ ದಾವಣಗೆರೆ ಎಂಬ ಆಸೆ ಎಲ್ಲರಿಗೂ ಬರುತ್ತದೆ. ದಯವಿಟ್ಟು ಹಾಗೆ ಮಾಡಬೇಡಿ. ಆ ಡ್ರೈವರ್ ಮಧ್ಯಾಹ್ನ ಊರು ಬಿಟ್ಟು 260 ಕಿ.ಮೀ. ಓಡಿಸಿ ಪಾರ್ಕಿಂಗಿನಲ್ಲಿ ಕೂತಿದ್ದಾನೆ. ನಸುಕಿನ 2ರಿಂದ 5 ಕಣ್ಣು ತಾನಾಗಿ ಮುಚ್ಚುವ ಹೊತ್ತು, ಹೆದ್ದಾರಿಯಲ್ಲಿ ಶಿರಾದಿಂದ ಹಿರಿಯೂರಿನವರೆಗೆ ಲಾರಿಗಳ ಸಾಲು. ದೇವನಹಳ್ಳಿಯ ಸುತ್ತ ಒಂದು ರೂಮು ಮೊದಲೇ ಹಿಡಿದಿಟ್ಟು, ಕಾರನ್ನು ಮಾರನೇ ಬೆಳಿಗ್ಗೆ 9ಕ್ಕೆ ಬರಲು ಹೇಳಿ. ಅಪ್ಪಾಜಿಯವರ ಸ್ನಾನ, ಪೂಜೆ, ತಿಂಡಿ, ಮಾತ್ರೆ ಅಲ್ಲೇ ಮುಗಿಯಲಿ. 9ಕ್ಕೆ ಹೊರಟರೆ ದಾಬಸ್‌ಪೇಟೆ ಮೇಲೆ ಹೆದ್ದಾರಿ ಹಿಡಿದು, ನಡುವೆ ಎರಡು ಸಲ ನಿಂತು, ಮಧ್ಯಾಹ್ನ 3ರ ಒಳಗೆ ಮನೆ ತಲುಪುತ್ತೀರಿ. ಮಧ್ಯಾಹ್ನದ ಊಟವನ್ನು ಮಾತ್ರ 1 ಗಂಟೆಗೆ ದಾರಿಯಲ್ಲೇ ಮಾಡಿಸಿ, ಮನೆ ಹತ್ತಿರ ಬಂತು ಎಂದು ಮುಂದೂಡಬೇಡಿ.